ಗಲ್ಲಾ ಪಾಠ: ಇಡ್ಲಿ-ಕಾಫಿ ಬಿಲ್ಲಿನಲ್ಲಿ ಪೈಥಾನ್

ಮುಂಬೈಯ ಮಾಟುಂಗಾದ ಹೋಟೆಲೊಂದರಲ್ಲಿ ಗಲ್ಲಾ ನೋಡಿಕೊಳ್ಳುವವ ನಾನು. ರಾತ್ರಿ ಶಟರ್ ಎಳೆದ ಮೇಲೆ, ಡೊಂಬಿವ್ಲಿ ಲೋಕಲ್ ಹಿಡಿಯುವ ಮೊದಲು, ನಮ್ಮ ಸಪ್ಲೈಯರ್ ಹುಡುಗನಿಗೆ ಅರ್ಧ ಗಂಟೆ ಪೈಥಾನ್ ಎಂಬ ಕಂಪ್ಯೂಟರ್ ಭಾಷೆ ಹೇಳಿಕೊಡುತ್ತೇನೆ. ಕಾರ್ಕಳದ ಕಡೆಯವ, ಲೆಕ್ಕದಲ್ಲಿ ಚುರುಕು. ಮೊದಲ ದಿನವೇ, "ಅಣ್ಣ, ಇದಕ್ಕೆ ಹಾವಿನ ಹೆಸರು ಯಾಕೆ?" ಅಂದ. ಹಾವಿಗೂ ಇದಕ್ಕೂ ಸಂಬಂಧವಿಲ್ಲ. ಇದನ್ನು ಕಟ್ಟಿದ ಗೈಡೊ ವಾನ್ ರಾಸಮ್ ಬ್ರಿಟಿಷ್ ಹಾಸ್ಯ ತಂಡ ಮಾಂಟಿ ಪೈಥಾನ್‌ನ ಹೆಸರನ್ನು ಇಟ್ಟ. ಮೊದಲು ಹೊರಬಂದದ್ದು 1991ರಲ್ಲಿ.

ಪೈಥಾನ್ ಫುಕಟ್ಟಾಗಿ ಸಿಗುತ್ತದೆ. ವಿಂಡೋಸಿಗೆ ಹಾಕಿಕೊಂಡರೆ ಜೊತೆಗೆ ಐಡಲ್ ಬರುತ್ತದೆ, ಪ್ರೋಗ್ರಾಂ ಬರೆದು ಓಡಿಸುವ ಕಿಟಕಿ. ಅದರಲ್ಲಿ ಹೊಸ ಫೈಲ್ ತೆರೆದು ಬರೆಯಿರಿ, ಸೇವ್ ಮಾಡಿ, ಎಫ್5 ಒತ್ತಿ.

ಒಂದು ಮಾತು. ಪ್ರಿಂಟ್, ಇನ್‌ಪುಟ್, ಇಂಟ್, ಇಫ್, ಫಾರ್, ಇನ್ ಇವು ಪೈಥಾನ್‌ನ ಸ್ವಂತ ಪದಗಳು. ಟೈಪ್ ಮಾಡುವಾಗ ಇಂಗ್ಲಿಷ್ ಸಣ್ಣ ಅಕ್ಷರಗಳಲ್ಲೇ ಇರಬೇಕು, ಇಲ್ಲಿ ಓದುವುದಕ್ಕೆಂದು ಕನ್ನಡದಲ್ಲಿ ಬರೆದಿದ್ದೇನೆ. ನೀವಾಗಿ ಇಡುವ ಹೆಸರುಗಳನ್ನು ಮಾತ್ರ ಧಾರಾಳವಾಗಿ ಕನ್ನಡದಲ್ಲೇ ಇಡಬಹುದು, ಪೈಥಾನ್ 3 ತಕರಾರು ಮಾಡುವುದಿಲ್ಲ.

ಮೊತ್ತ = 120
ಪ್ರಿಂಟ್(ಮೊತ್ತ)

ಇಲ್ಲಿ = ಅಂದರೆ ಸಮ ಅಲ್ಲ, "ಡಬ್ಬಿಗೆ ಹಾಕು" ಎಂದು. ಮೊತ್ತ ಎಂಬ ಡಬ್ಬಿಗೆ 120 ಹಾಕಿದಿರಿ, ಪ್ರಿಂಟ್ ಅದನ್ನು ಪರದೆಯ ಮೇಲೆ ತೋರಿಸುತ್ತದೆ. ಹಾಗಾಗಿ ಮೊತ್ತ = ಮೊತ್ತ + 5 ಎಂದು ಬರೆದರೆ ಗಣಿತದ ಮೇಷ್ಟ್ರು ಬೈಯಬಹುದು, ಪೈಥಾನ್ ಬಲಗಡೆಯದನ್ನು ಮೊದಲು ಕೂಡಿಸಿ ಅದೇ ಡಬ್ಬಿಗೆ ಹಾಕುತ್ತದೆ.

ನಾನು ಒಂದು ಸಂಜೆ ಪೂರ್ತಿ ಕಳೆದುಕೊಂಡದ್ದು ಬಿಲ್‌ಮೊತ್ತ ಎಂಬ ಹೆಸರಿನಿಂದ. ಕಣ್ಣಿಗೆ ಸರಿಯಾಗಿಯೇ ಇದೆ, ಆದರೂ ಎರರ್. ಲ್ ಮತ್ತು ಮೊ ಒತ್ತಕ್ಷರವಾಗದಂತೆ ಕೀಬೋರ್ಡ್ ನಡುವೆ ಕಾಣದ ಅಕ್ಷರವೊಂದನ್ನು ತುರುಕಿರುತ್ತದೆ. ಪೈಥಾನಿಗೆ ಅದು ಆಗುವುದಿಲ್ಲ. ಬಿಲ್_ಮೊತ್ತ ಎಂದು ಅಡಿಗೆರೆ ಹಾಕಿ, ಮುಗಿಯಿತು.

ಇನ್ನು ಹುಡುಗ ಎಡವಿದ ಜಾಗ. ಇಡ್ಲಿ 50, ಕಾಫಿ 40. ಎರಡನ್ನೂ ಇನ್‌ಪುಟ್ ಮೂಲಕ ಕೇಳಿ ಕೂಡಿಸಿದ. ಬಿಲ್ಲು ಬಂತು: 5040. "ಗಿರಾಕಿ ನಮ್ಮನ್ನು ಹೊಡೀತಾನೆ ಮಾರಾಯ" ಅಂದೆ. ಇನ್‌ಪುಟ್ ತಂದುಕೊಡುವುದೆಲ್ಲ ಬರಹ, ಸಂಖ್ಯೆಯಲ್ಲ. ಎರಡು ಬರಹಗಳ ನಡುವೆ + ಇಟ್ಟರೆ ಅಂಟಿಸುತ್ತದೆ ಅಷ್ಟೆ. ಅದನ್ನು ಸಂಖ್ಯೆ ಮಾಡುವುದು ಇಂಟ್:

ಇಡ್ಲಿ = ಇಂಟ್(ಇನ್‌ಪುಟ್("ಇಡ್ಲಿ ದರ? "))

ತಮಾಷೆಯೆಂದರೆ, ಇಲ್ಲಿ ನೀವು ಕನ್ನಡ ಅಂಕಿಯಲ್ಲೇ ೫೦ ಎಂದು ಕೊಟ್ಟರೂ ಇಂಟ್ ಅದನ್ನು 50 ಮಾಡಿಕೊಡುತ್ತದೆ.

ಹೀಗಿದ್ದರೆ ಮಾತ್ರ ಮಾಡು ಎನ್ನಲು ಇಫ್. ಅದರ ಬಳಿ ಸಾಲಿನ ಶುರುವಿನ ಖಾಲಿ ಜಾಗಕ್ಕೆ ಅರ್ಥವಿದೆ. ಪಾರ್ಸೆಲ್ ಆದರೆ ತಿಂಡಿ ಕಟ್ಟುವ ಡಬ್ಬಿಗೆಂದು ಬಿಲ್ಲಿಗೆ 5 ರೂಪಾಯಿ ಜಾಸ್ತಿ:

ಪಾರ್ಸೆಲ್ = "ಹೌದು"
ಇಫ್ ಪಾರ್ಸೆಲ್ == "ಹೌದು":
    ಮೊತ್ತ = ಮೊತ್ತ + 5
ಪ್ರಿಂಟ್(ಮೊತ್ತ)

ಹೋಲಿಸಿ ನೋಡುವುದಕ್ಕೆ ಎರಡು ಸಮ ಚಿಹ್ನೆ, ಸಾಲಿನ ಕೊನೆಗೆ ಕೋಲನ್. ಒಳಸರಿದ ಸಾಲು, ಸಾಮಾನ್ಯವಾಗಿ ನಾಲ್ಕು ಸ್ಪೇಸ್, ಇಫ್‌ನ ಅಧೀನ. ಪ್ರಿಂಟನ್ನೂ ಒಳಗೆ ತಳ್ಳಿದರೆ ಪಾರ್ಸೆಲ್‌ನವರಿಗೆ ಮಾತ್ರ ಬಿಲ್ಲು, ಕೂತು ತಿಂದವರು ಕೈ ತೊಳೆದು ಹೊರಟೇ ಹೋಗುತ್ತಾರೆ. ಎರರ್ ಕೂಡ ಬರುವುದಿಲ್ಲ, ಅದೇ ಭಯ.

ಎರರ್ ಬಂದಾಗಲಾದರೂ ದಾರಿಯಿದೆ: ಕೆಂಪು ಅಕ್ಷರಗಳ ರಾಶಿಯನ್ನು ಬಾಲದಿಂದ ಓದಿ. ಕೊನೆಯ ಸಾಲಿನಲ್ಲಿ ತಪ್ಪಿನ ಹೆಸರು, ಅದರ ಮೇಲೆ ಸಾಲಿನ ನಂಬರ್.

ದರಪಟ್ಟಿಗೆ ಹೆಸರಿನ ಎದುರು ಬೆಲೆ ಇಡುವ ಡಿಕ್ಷನರಿ, ಆರ್ಡರಿಗೆ ಸಾಲಾಗಿ ಜೋಡಿಸುವ ಲಿಸ್ಟ್, ಒಂದೊಂದಾಗಿ ಎತ್ತಿಕೊಳ್ಳಲು ಫಾರ್:

ದರ = {"ಇಡ್ಲಿ": 50, "ಮಸಾಲೆ ದೋಸೆ": 90, "ಕಾಫಿ": 40}
ಆರ್ಡರ್ = ["ಇಡ್ಲಿ", "ಮಸಾಲೆ ದೋಸೆ", "ಕಾಫಿ", "ಕಾಫಿ"]
ಮೊತ್ತ = 0
ಫಾರ್ ತಿಂಡಿ ಇನ್ ಆರ್ಡರ್:
    ಮೊತ್ತ = ಮೊತ್ತ + ದರ[ತಿಂಡಿ]
ಪ್ರಿಂಟ್(ಮೊತ್ತ)

220 ಬರುತ್ತದೆ. ಆರ್ಡರಿನಲ್ಲಿ "ಇಡ್ಡಲಿ" ಎಂದು ಬರೆದಿರೋ, ಕೀ ಎರರ್: ಪಟ್ಟಿಯಲ್ಲಿಲ್ಲದ ತಿಂಡಿ ಅದಕ್ಕೆ ಗೊತ್ತಿಲ್ಲ. ಮೊತ್ತ = 0 ಫಾರ್‌ನ ಒಳಗೆ ಹೋದರೆ ಪ್ರತಿ ತಿಂಡಿಗೂ ಲೆಕ್ಕ ಅಳಿಸಿ, ಕೊನೆಯ ಕಾಫಿಯ 40 ಮಾತ್ರ ಉಳಿಯುತ್ತದೆ.

ಈಗ ಪ್ರಿಂಟ್ ಸಾಲಿನ ಮೇಲೆ ಪಾರ್ಸೆಲ್ ಇಫ್ ಅನ್ನು, ಪಾರ್ಸೆಲ್ = "ಹೌದು" ಸಾಲಿನ ಸಮೇತ, ನೀವೇ ಸೇರಿಸಿ. 225 ಬರಬೇಕು. 240 ಬಂದರೆ ಇಫ್ ಫಾರ್‌ನ ಒಳಗೆ ನುಸುಳಿದೆ, ನಾಲ್ಕು ಐಟಂಗೆ ನಾಲ್ಕು ಡಬ್ಬಿಯ ದುಡ್ಡು ಹಾಕಿದ್ದೀರಿ.