ಮೊದಲು ಹಡಗು ಹುಡುಕಿ: ಯುದ್ಧಕಾಲದ ಸಮುದ್ರದಲ್ಲಿ ಕಳೆದುಹೋದ ಅಜ್ಜನ ಜಾಡು

"ಅಜ್ಜನ ಅಣ್ಣ ಬೊಂಬಾಯಿಗೆ ಹೋಗಿ ಹಡಗು ಹತ್ತಿದ್ದರು. ಯುದ್ಧದಲ್ಲಿ ಹೋದರು." ಕಾಸರಗೋಡು, ಕುಂಬಳೆ, ಮಂಜೇಶ್ವರದ ಕಡಲಬದಿಯ ಮನೆಗಳಲ್ಲಿ ಎರಡನೇ ಮಹಾಯುದ್ಧದ ಈ ಮಾತು ಈಗಲೂ ಕೇಳಿಸುತ್ತದೆ. ಯಾವ ಹಡಗು, ಯಾವ ವರ್ಷ ಎಂದು ಕೇಳಿದರೆ ಉತ್ತರವಿಲ್ಲ. ಈಗಿನ ಮಕ್ಕಳು ಹೆಸರನ್ನು ಮೊಬೈಲಿನಲ್ಲಿ ಟೈಪ್ ಮಾಡುತ್ತಾರೆ. ಏನೂ ಸಿಗದಿದ್ದರೆ ದಾಖಲೆಯೇ ಇಲ್ಲ ಎಂದು ಬಿಟ್ಟುಬಿಡುತ್ತಾರೆ. ಅದೇ ಹೆಸರಿನ ಇನ್ಯಾರೋ ಸಿಕ್ಕಿದರೆ ಅವರನ್ನೇ ನಮ್ಮವರೆಂದು ಫೋಟೋದ ಕೆಳಗೆ ಬರೆಸುತ್ತಾರೆ. ಈ ಎರಡನ್ನೂ ನೋಡಿ ನೋಡಿ ಇದನ್ನು ಬರೆಯುತ್ತಿದ್ದೇನೆ. ಬೇರೆ ಮನೆಯ ಮಗನನ್ನು ನಮ್ಮ ಗೋಡೆಗೆ ಹಾಕಿಕೊಳ್ಳುವುದು ಆ ಮನೆಯವರಿಗೂ ನಮ್ಮವರಿಗೂ ಮಾಡುವ ಅನ್ಯಾಯ.

ಹೆಸರಿನಿಂದ ಶುರು ಮಾಡಬೇಡಿ. ಹಡಗಿನಿಂದ ಶುರು ಮಾಡಿ.

ಮೊದಲ ಕೆಲಸ ಮನೆಯೊಳಗೇ ಇದೆ. ಹಳೆಯ ಟ್ರಂಕು, ಕುರ್‌ಆನ್ ಅಥವಾ ಪಂಚಾಂಗದ ನಡುವೆ ಇಟ್ಟ ಕಾಗದ, ಮನಿ ಆರ್ಡರ್ ರಸೀದಿ, ತಂತಿ ಎಲ್ಲವನ್ನೂ ತೆಗೆಯಿರಿ. ಬ್ಯಾರಿ, ಮಾಪಿಳ್ಳೆ ಮನೆಗಳ ಹಳೆಯ ಪತ್ರಗಳು ಅರಬಿ ಮಲಯಾಳದಲ್ಲಿ, ಅಂದರೆ ಅರಬಿ ಲಿಪಿಯಲ್ಲಿ ಬರೆದ ಮಲಯಾಳದಲ್ಲಿ, ಇರುವುದುಂಟು. ಓದಲು ಬರುವುದಿಲ್ಲ ಎಂದು ಪಕ್ಕಕ್ಕಿಡಬೇಡಿ, ಮದ್ರಸದ ಹಿರಿಯ ಉಸ್ತಾದರಿಗೆ ತೋರಿಸಿ. ಪಾಲುಪಟ್ಟಿಯನ್ನು ಜಾಸ್ತಿ ಜನ ಮರೆಯುತ್ತಾರೆ. ಆಸ್ತಿ ಹಂಚುವಾಗ ತೀರಿಹೋದವರ ಹೆಸರು, ತಂದೆಯ ಹೆಸರು, ಒಮ್ಮೊಮ್ಮೆ ವರ್ಷವೂ ಅದರಲ್ಲಿ ಬರುತ್ತದೆ.

ಹಡಗಿನ ಹೆಸರು ಗೊತ್ತಿಲ್ಲದಿದ್ದರೂ ಕಂಪನಿಯ ಸುಳಿವು ಸಿಗಬಹುದು. ಅಜ್ಜಿಯರ ಬಾಯಲ್ಲಿ "ಕ್ಲಾನ್" ಎಂದು ಬಂದರೆ ಅದು ಕ್ಲಾನ್ ಲೈನ್. "ಸಿಟಿ" ಎಂದರೆ ಎಲ್ಲರ್‌ಮನ್ ಕಂಪನಿ ಇರಬೇಕು, ಅವರ ಹಡಗುಗಳಿಗೆ "ಸಿಟಿ ಆಫ್" ಎಂದೇ ಹೆಸರು. "ಬಿ.ಐ." ಎಂದರೆ ಬ್ರಿಟಿಷ್ ಇಂಡಿಯಾ ಸ್ಟೀಮ್ ನ್ಯಾವಿಗೇಶನ್. ಇವರ ಹಡಗುಗಳಿಗೆ ನಮ್ಮ ಊರುಗಳ ಹೆಸರೇ ಹೆಚ್ಚು.

ಅಂಥ ಒಂದು ಹಡಗು ಗೇರ್‌ಸೊಪ್ಪ. ಹೌದು, ಶರಾವತಿ ದಂಡೆಯ ನಮ್ಮ ಗೇರುಸೊಪ್ಪೆಯೇ. ಕಲ್ಕತ್ತೆಯಿಂದ ಬೆಳ್ಳಿ, ಕಬ್ಬಿಣ, ಚಹಾ ಹೇರಿಕೊಂಡು ಹೊರಟು, ಆಫ್ರಿಕಾ ಸುತ್ತಿ, ಸಿಯೆರಾ ಲಿಯೋನಿನ ಫ್ರೀಟೌನಿನಲ್ಲಿ ಎಸ್‌ಎಲ್ 64 ಎಂಬ ಕಾನ್ವಾಯ್ (ಬೆಂಗಾವಲಿನಲ್ಲಿ ಸಾಗುವ ಹಡಗುಗಳ ಗುಂಪು) ಸೇರಿತು. ಹವಾಮಾನ ಕೆಟ್ಟಿತು, ಕಲ್ಲಿದ್ದಲು ಸಾಲದಾಯಿತು. ಹಡಗು ಕಾನ್ವಾಯ್ ಬಿಟ್ಟು ಐರ್ಲೆಂಡಿನ ಗಾಲ್ವೇ ಕಡೆ ತಿರುಗಿತು. 1941ರ ಫೆಬ್ರವರಿ 16-17ರ ರಾತ್ರಿ ಜರ್ಮನಿಯ ಯು-101 ಜಲಾಂತರ್ಗಾಮಿ ಅದನ್ನು ಮುಳುಗಿಸಿತು. ಸಿಬ್ಬಂದಿಯಲ್ಲಿ ಹೆಚ್ಚಿನವರು ಭಾರತೀಯರು. ಬದುಕಿ ದಡ ಸೇರಿದ್ದು ಒಬ್ಬನೇ, ಸೆಕೆಂಡ್ ಆಫೀಸರ್ ರಿಚರ್ಡ್ ಏಯರ್ಸ್.

ಇದನ್ನು ಇಷ್ಟು ಹೇಳಲು ಕಾರಣವಿದೆ. ಕಾನ್ವಾಯ್ ಪಟ್ಟಿ ನೋಡಿದವರು "ಎಸ್‌ಎಲ್ 64ರ ಮೇಲೆ ಆ ದಿನ ದಾಳಿಯೇ ಇಲ್ಲ, ಹಾಗಾದರೆ ಇದಲ್ಲ" ಎಂದುಬಿಡುತ್ತಾರೆ. ಹಿಂದೆ ಉಳಿದ ಹಡಗುಗಳು, ದಾರಿ ಬಿಟ್ಟ ಹಡಗುಗಳು ಒಂಟಿಯಾಗಿಯೇ ಮುಳುಗಿವೆ. ಕಾನ್ವಾಯ್ ಹೆಸರು ದಾರಿ ತೋರಿಸುತ್ತದೆ ಅಷ್ಟೇ: ಎಸ್‌ಎಲ್ ಎಂದರೆ ಸಿಯೆರಾ ಲಿಯೋನ್‌ನಿಂದ ಇಂಗ್ಲೆಂಡಿಗೆ, ಎಚ್‌ಎಕ್ಸ್ ಎಂದರೆ ಹ್ಯಾಲಿಫ್ಯಾಕ್ಸ್‌ನಿಂದ, ಓಬಿ ಎಂದರೆ ಇಂಗ್ಲೆಂಡಿನಿಂದ ಹೊರಕ್ಕೆ. ಹಡಗು ಮುಳುಗಿದ ದಿನವನ್ನು ಯುಬೋಟ್ ಡಾಟ್ ನೆಟ್‌ನಲ್ಲಿ ನೋಡಿ, ಕಾನ್ವಾಯ್ ಚಲನೆಯನ್ನು ಕಾನ್ವಾಯ್‌ವೆಬ್‌ನಲ್ಲಿ ನೋಡಿ. ಎರಡೂ ಉಚಿತ ಜಾಲತಾಣಗಳು. ದಿನಾಂಕ ಒಂದು ದಿನ ಆಚೀಚೆ ಇದ್ದರೆ ಗಾಬರಿ ಬೇಡ. ಜರ್ಮನ್ ಜಲಾಂತರ್ಗಾಮಿಗಳು ಜರ್ಮನಿಯ ಸಮಯವನ್ನೇ ಬರೆದುಕೊಳ್ಳುತ್ತಿದ್ದವು. ನಡುರಾತ್ರಿಯ ದಾಳಿ ಒಂದು ಪುಸ್ತಕದಲ್ಲಿ 16, ಇನ್ನೊಂದರಲ್ಲಿ 17 ಆಗುತ್ತದೆ.

ಈಗ ಕಷ್ಟದ ಘಟ್ಟ. ಕಾಮನ್‌ವೆಲ್ತ್ ವಾರ್ ಗ್ರೇವ್ಸ್ ಕಮಿಷನ್ನಿನ ಜಾಲತಾಣ ತೆರೆಯಿರಿ, ಯುದ್ಧದಲ್ಲಿ ಮಡಿದವರ ಹೆಸರುಗಳ ದಾಖಲೆ ಇಟ್ಟಿರುವ ಸಂಸ್ಥೆ ಇದು. ಹುಡುಕುವ ಪುಟದಲ್ಲಿ ಹೆಸರಿನ ಜಾಗವನ್ನು ಖಾಲಿ ಬಿಡಿ. ದಿನಾಂಕ ಹಾಕಿ, ಹಿಂದೆ ಮುಂದೆ ಎರಡೆರಡು ದಿನ ಸೇರಿಸಿ. ಸೇವೆ ಎಂಬಲ್ಲಿ ಮರ್ಚೆಂಟ್ ನೇವಿ (ವ್ಯಾಪಾರಿ ಹಡಗು ಸೇವೆ) ಆರಿಸಿ. ಆ ದಿನಗಳಲ್ಲಿ ತೀರಿದ ಎಲ್ಲರೂ ಬರುತ್ತಾರೆ. ಅದರಲ್ಲಿ ನಿಮ್ಮ ಹಡಗಿನವರನ್ನು ಒಂದು ಕಾಗದದಲ್ಲಿ ಬರೆದುಕೊಳ್ಳಿ. ಒಬ್ಬರನ್ನೂ ಬಿಡಬೇಡಿ.

ಈಗ ಆ ಪಟ್ಟಿಯನ್ನು ಜೋರಾಗಿ ಓದಿ, ಮನೆಯ ಹಿರಿಯರು ಪಕ್ಕದಲ್ಲಿರಲಿ. ನಮ್ಮ ಹೆಸರನ್ನು ಕೇಳಿ ಬರೆದುಕೊಂಡವನು ನಮ್ಮ ಭಾಷೆ ಗೊತ್ತಿಲ್ಲದ ಗುಮಾಸ್ತ. "ಕುಂಞಿ"ಯನ್ನು ಇಂಗ್ಲಿಷಿನಲ್ಲಿ ಹೇಗೆಲ್ಲ ಬರೆಯಬಹುದು ನೋಡಿ: ಮೊದಲಕ್ಷರ ಕೆ ಅಥವಾ ಸಿ, ನಡುವೆ ಎನ್ ಎಚ್, ಎನ್ ಜೆ, ಎನ್ ವೈ, ಕೊನೆಗೆ ಐ ಅಥವಾ ವೈ. ಮೊಯ್ದೀನ್ ಎಂಬುದು ಮೊಹಿದೀನ್, ಮುಹ್ಯುದ್ದೀನ್, ಮೈದಿನ್ ಆಗಿರಬಹುದು. ಮನೆ ಹೆಸರು, ಬಳಿಯ (ಕುಲದ) ಹೆಸರು ಹೆಚ್ಚಾಗಿ ಬಿಟ್ಟುಹೋಗಿರುತ್ತದೆ. ಒಂದೇ ಹೆಸರು ಇದ್ದವರಿಗೆ ಅದನ್ನೇ ಸರ್‌ನೇಮ್ ಜಾಗಕ್ಕೆ ಹಾಕಿರುತ್ತಾರೆ. ಕೆಲವೊಮ್ಮೆ ತಂದೆಯ ಹೆಸರು ಅಲ್ಲಿಗೆ ಹೋಗಿರುತ್ತದೆ. ಮನೆಯಲ್ಲಿ "ಬಾವ" ಎಂದು ಕರೆಯುತ್ತಿದ್ದವರು ಕಾಗದದಲ್ಲಿ ಅಬ್ದುಲ್ ರಹಿಮಾನ್ ಆಗಿರುತ್ತಾರೆ. ಕಣ್ಣಿಗೆ ಕಾಣದ ಹೋಲಿಕೆ ಕಿವಿಗೆ ಸಿಗುತ್ತದೆ.

ಊರಿನ ಹೆಸರಿನಲ್ಲೂ ಎಚ್ಚರ ಬೇಕು. 1956ರ ನವೆಂಬರ್ 1ರ ತನಕ ಕಾಸರಗೋಡು ಮದ್ರಾಸಿನ ದಕ್ಷಿಣ ಕನ್ನಡ ಜಿಲ್ಲೆಯಲ್ಲಿತ್ತು. ಯುದ್ಧಕಾಲದ ಕಾಗದದಲ್ಲಿ ಕೇರಳ ಎಂದು ಹುಡುಕಿ ಪ್ರಯೋಜನವಿಲ್ಲ. ಸೌತ್ ಕೆನರಾ ಎಂದು ನೋಡಿ. ಕೆನರಾಕ್ಕೆ ಸಿ, ಕೆ ಎರಡೂ ಇದೆ. ಕಾಸರಗೋಡನ್ನು ಸಿ ಅಕ್ಷರದಿಂದಲೂ ಬರೆಯುತ್ತಿದ್ದರು.

ಕೆಲಸದ ಹೆಸರೂ ಸಾಕ್ಷಿ. ಸಾರಂಗ್ ಎಂದರೆ ಖಲಾಸಿಗಳ (ಹಡಗಿನ ಭಾರತೀಯ ಕೆಲಸಗಾರರ) ಮೇಸ್ತ್ರಿ, ಟಿಂಡಲ್ ಅವನ ಕೆಳಗಿನವನು. ಸೀಕನ್ನಿ ಚುಕ್ಕಾಣಿ ಹಿಡಿಯುವವನು. ಭಂಡಾರಿ ಅಡುಗೆಯವನು. ಫೈರ್‌ಮನ್ ಬಾಯ್ಲರಿಗೆ ಕಲ್ಲಿದ್ದಲು ಹಾಕುವವನು. "ಅಜ್ಜ ಹಡಗಿನಲ್ಲಿ ಅಡುಗೆ ಮಾಡುತ್ತಿದ್ದರು" ಎಂಬ ಮನೆಯ ಮಾತಿಗೆ ಭಂಡಾರಿ ಕೂಡಿಬಂದರೆ ಬಲ ಬಂತು. ನನ್ನ ನಿಯಮ ಇದು: ಹೆಸರು, ತಂದೆಯ ಹೆಸರು, ಊರು, ಕೆಲಸ, ವರ್ಷ. ಇವುಗಳಲ್ಲಿ ಮೂರು ಹೊಂದದೆ ನಮ್ಮವರು ಎನ್ನಬೇಡಿ.

ಹಣ ಕಟ್ಟಿಸಿಕೊಂಡು ವಂಶಾವಳಿ ಹುಡುಕಿಕೊಡುವ ತಾಣಗಳಿಗೆ ಈ ಹಂತದಲ್ಲಿ ಒಂದು ರೂಪಾಯಿಯನ್ನೂ ಕೊಡಬೇಡಿ. ಸ್ಮರಣಪತ್ರ ಮಾರುವವರೂ ಇದ್ದಾರೆ. ಅದನ್ನು ಕಮಿಷನ್ನಿನ ತಾಣದಿಂದಲೇ ಸುಮ್ನೆ ಇಳಿಸಿಕೊಳ್ಳಬಹುದು.

ಪಟ್ಟಿಯಲ್ಲಿ ಹೆಸರೇ ಇಲ್ಲದಿದ್ದರೆ? ವ್ಯಾಪಾರಿ ಹಡಗಿನವರು ಯುದ್ಧದ ಕಾರಣದಿಂದ ಸತ್ತಿದ್ದರೆ ಮಾತ್ರ ಕಮಿಷನ್ ಸೇರಿಸಿಕೊಳ್ಳುತ್ತದೆ. ಜ್ವರದಿಂದ ಹೋದವರು, ಕಾಲು ಜಾರಿ ನೀರಿಗೆ ಬಿದ್ದವರು ಅಲ್ಲಿರುವುದಿಲ್ಲ. ಸೆರೆ ಸಿಕ್ಕಿ ಬ್ರೆಮೆನ್ ಬಳಿಯ ಮಿಲಾಗ್ ನಾರ್ಡ್ ಶಿಬಿರಕ್ಕೆ ಹೋದ ಭಾರತೀಯ ಖಲಾಸಿಗಳೂ ಇದ್ದರು. ಹಾಗಾಗಿ ಹಡಗು ಮುಳುಗಿದ ದಿನದ ಮುಂದಿನ ವರ್ಷಗಳನ್ನೂ ನೋಡಿ.

ಮುಂದಿನದು ಲಂಡನ್ನಿನ ಕ್ಯೂನಲ್ಲಿರುವ ನ್ಯಾಷನಲ್ ಆರ್ಕೈವ್ಸ್. ಅಲ್ಲಿ ಬಿಟಿ 389 ಎಂಬ ದಾಖಲೆ ವಿಭಾಗದಲ್ಲಿ ಹಡಗುಗಳ ಓಡಾಟದ ಕಾರ್ಡುಗಳಿವೆ, ಬಿಟಿ 381ರಲ್ಲಿ ಸಿಬ್ಬಂದಿ ಪಟ್ಟಿಗಳಿವೆ. ಸಿಬ್ಬಂದಿ ಪಟ್ಟಿಗೆ ಹಡಗಿನ ಅಧಿಕೃತ ಸಂಖ್ಯೆ ಬೇಕು, ಹೆಸರು ಸಾಲದು. ಪ್ರತಿ ತರಿಸುವ ಮುಂಚೆ ಖಲಾಸಿಗಳ ಒಪ್ಪಂದ ಆ ಕಟ್ಟಿನಲ್ಲಿ ಇದೆಯೇ ಎಂದು ಕೇಳಿ. ಅದನ್ನು ಬಿಳಿಯರ ಒಪ್ಪಂದದಿಂದ ಬೇರೆಯಾಗಿ ಬರೆಯುತ್ತಿದ್ದರು. ಕೇಳದೆ ತರಿಸಿದರೆ ಕ್ಯಾಪ್ಟನ್ ಮತ್ತು ಆಫೀಸರುಗಳ ಹೆಸರು ಮಾತ್ರ ಬಂದು ಹಣ ಹೋಗಬಹುದು.

ಲಂಡನ್ನಿನಲ್ಲಿ ಕೆಲಸಕ್ಕಿರುವ ಮಗನನ್ನು ಅಲ್ಲಿನ ವ್ಯಾಪಾರಿ ನಾವಿಕರ ಟವರ್ ಹಿಲ್ ಸ್ಮಾರಕಕ್ಕೆ ಕಳಿಸಿ ಹೆಸರು ಹುಡುಕಿಸುವವರಿದ್ದಾರೆ. ನಮ್ಮ ಖಲಾಸಿಗಳ ಜಾಗ ಅದಲ್ಲ. ಎರಡನೇ ಮಹಾಯುದ್ಧದಲ್ಲಿ ಸಮುದ್ರದಲ್ಲೇ ಉಳಿದ ಆರು ಸಾವಿರಕ್ಕೂ ಹೆಚ್ಚು ಭಾರತೀಯ ನಾವಿಕರ ಹೆಸರು ಒಂದು ದೊಡ್ಡ ಪುಸ್ತಕದಲ್ಲಿದೆ. ಒಂದು ಪ್ರತಿ ಚಿತ್ತಗಾಂಗಿನ ಯುದ್ಧ ಸ್ಮಶಾನದಲ್ಲಿ, ಇನ್ನೊಂದು ಮುಂಬೈಯ ಮಸ್ಜಿದ್ ಬಂದರ್ ಬಳಿಯ ನಾವಿಕರ ಮನೆಯಲ್ಲಿ (ಸೀಮೆನ್ಸ್ ಹೋಮ್) ಇದೆ. ಕಾಸರಗೋಡಿನಿಂದ ರೈಲು ಹತ್ತಿದರೆ ಮುಂಬೈ. ಮೊದಲೇ ಪತ್ರ ಬರೆದು, ನೋಡಬಹುದಾದ ದಿನ ಕೇಳಿಕೊಂಡು ಹೋಗಿ. ಮನೆಯ ಹಿರಿಯರಿಗೆ ನಡೆಯಲು ಆಗುತ್ತದೆ ಎಂದರೆ ಅವರನ್ನೂ ಕರೆದುಕೊಂಡು ಹೋಗಿ. ಪರದೆಯ ಮೇಲೆ ನೋಡುವುದಕ್ಕೂ ಆ ಹಾಳೆಯ ಮುಂದೆ ನಿಲ್ಲುವುದಕ್ಕೂ ತುಂಬಾ ವ್ಯತ್ಯಾಸವಿದೆ.

ಹೆಸರು ತಪ್ಪಾಗಿ ಬರೆದಿದ್ದರೆ, ತಂದೆಯ ಹೆಸರೋ ಊರೋ ಬಿಟ್ಟುಹೋಗಿದ್ದರೆ ಕಮಿಷನ್ನಿಗೆ ಬರೆಯಿರಿ. ಪಾಲುಪಟ್ಟಿ, ತಂತಿ, ಹಳೆಯ ಪತ್ರಗಳ ಸ್ಪಷ್ಟ ಪ್ರತಿ ಇಡಿ, ಕನ್ನಡ ಮಲಯಾಳದ ಕಾಗದಗಳಿಗೆ ಇಂಗ್ಲಿಷ್ ಅನುವಾದವನ್ನೂ ಸೇರಿಸಿ. ಮೂಲ ಕಾಗದಗಳನ್ನು ಮಾತ್ರ ಯಾರಿಗೂ ಅಂಚೆಯಲ್ಲಿ ಕಳಿಸಬೇಡಿ.