ಬಿಯರ್ ಕೆಗ್‌ಗೆ ಗ್ಯಾಸ್ ರೆಗ್ಯುಲೇಟರ್: ಯಾವುದು ಕೊಳ್ಳೋದು, ಹೇಗೆ ಕೂರಿಸೋದು

ಮನೆಯಲ್ಲಿ ಬಿಯರ್ ಮಾಡುವವರು ಬಾಟಲಿ ಬಿಟ್ಟು ಕೆಗ್‌ಗೆ, ಅಂದರೆ ಬಿಯರ್ ತುಂಬಿಡುವ ಲೋಹದ ಡಬ್ಬಿಗೆ, ಬಂದಾಗ ದುಡ್ಡು ಹೋಗುವುದು ಕೆಗ್‌ಗೆ, ಸಿಲಿಂಡರ್‌ಗೆ. ತಲೆ ಕೆಡುವುದು ಮಾತ್ರ ರೆಗ್ಯುಲೇಟರ್ ಹತ್ತಿರ. ನಾನಿರುವುದು ಡೆನ್ವರ್ ಪಕ್ಕದ ಅರೋರಾದಲ್ಲಿ. ಇಲ್ಲಿನ ಕನ್ನಡದ ಗೆಳೆಯರಲ್ಲಿ ಯಾರಾದರೂ ಕೆಗ್ ಕೊಂಡರೆ ನನಗೊಂದು ಫೋನ್ ಬರುತ್ತದೆ. "ಗುರೂ, ಸಿಂಗಲ್ ತಗೊಳ್ಳಲಾ, ಡ್ಯುಯಲ್ ತಗೊಳ್ಳಲಾ?" ಫೋನಿನಲ್ಲಿ ಹೇಳುವುದನ್ನೇ ಇಲ್ಲಿ ಬರೆಯುತ್ತಿದ್ದೇನೆ.

ಕಾನೂನಿನ ಭಯ ಇರುವವರಿಗೆ ಮೊದಲೇ ಹೇಳಿಬಿಡುತ್ತೇನೆ. 1978ರಲ್ಲಿ ಜಿಮ್ಮಿ ಕಾರ್ಟರ್ ಸಹಿ ಹಾಕಿದ ಮೇಲೆ ಅಮೆರಿಕದ ಕೇಂದ್ರ ಕಾನೂನು ಮನೆ ಬಿಯರನ್ನು ಒಪ್ಪಿಕೊಂಡಿದೆ. ದೊಡ್ಡವರು ಒಬ್ಬರೇ ಇರುವ ಮನೆಗೆ ವರ್ಷಕ್ಕೆ 100 ಗ್ಯಾಲನ್, ಇಬ್ಬರಿದ್ದರೆ 200. ಮಾರುವ ಹಾಗಿಲ್ಲ. 200 ಗ್ಯಾಲನ್ ಅಂದರೆ 5 ಗ್ಯಾಲನ್‌ನ 40 ಕೆಗ್. ಅಷ್ಟು ಯಾರು ಕುಡೀತಾರೆ ಬಿಡಿ.

ಸಿಲಿಂಡರ್ ಒಳಗೆ ಕಾರ್ಬನ್ ಡೈಆಕ್ಸೈಡ್, ಅಂದರೆ ಸಿಒಟು, ದ್ರವವಾಗಿ ಇರುತ್ತದೆ. 21 ಡಿಗ್ರಿ ಸೆಲ್ಸಿಯಸ್‌ನಲ್ಲಿ ಅದರ ಒತ್ತಡ ಸುಮಾರು 840 ಪಿಎಸ್‌ಐ (ಚದರ ಇಂಚಿಗೆ ಇಷ್ಟು ಪೌಂಡ್ ಅನ್ನುವ ಒತ್ತಡದ ಅಳತೆ). ಬಿಯರ್‌ಗೆ ನೊರೆ ಕೊಡಲು, ಅದನ್ನು ಹೊರಗೆ ತಳ್ಳಲು ಕೆಗ್‌ಗೆ ಬೇಕಾದದ್ದು 10ರಿಂದ 15. ನಡುವಿನ ಕೆಲಸ ರೆಗ್ಯುಲೇಟರ್‌ದು. ಊರಿನ ಅಡುಗೆ ಗ್ಯಾಸ್ ರೆಗ್ಯುಲೇಟರ್ ಕೂಡ ಇದೇ ಜಾತಿಯದು. ಆದರೆ ಅದರ ಒತ್ತಡ ತಯಾರಾಗುವಾಗಲೇ ನಿಗದಿಯಾಗಿರುತ್ತದೆ, ನಾವು ಟಕ್ ಅಂತ ಕೂರಿಸಿದರೆ ಸಾಕು. ಬಿಯರ್‌ನದರಲ್ಲಿ ಸ್ಪ್ರಿಂಗ್ ಒತ್ತುವ ತಿರುಪು ನಮ್ಮ ಕೈಯಲ್ಲಿದೆ. ಬಲಕ್ಕೆ ತಿರುಗಿಸಿದರೆ ಒತ್ತಡ ಏರುತ್ತದೆ. ಎಡಕ್ಕೆ ಪೂರ್ತಿ ಬಿಚ್ಚಿದರೆ ಗ್ಯಾಸ್ ಹೊರಗೆ ಬರುವುದೇ ಇಲ್ಲ.

ಈಗ ಡ್ಯುಯಲ್ ವಿಷಯ. ಅಂಗಡಿಯಲ್ಲಿ ಡ್ಯುಯಲ್ ಅಂತ ಮಾರುವುದು ಒಂದೇ ವಸ್ತುವಲ್ಲ, ಮೂರು ಬೇರೆ ಬೇರೆ ವಸ್ತು. ಜನ ದುಡ್ಡು ಕಳೆದುಕೊಳ್ಳುವುದು ಇಲ್ಲೇ.

ಮೊದಲನೆಯದು ಎರಡು ಗೇಜ್ ಇರುವುದು. ಒಂದು ಗೇಜ್ ಕೆಗ್ ಕಡೆಯ ಒತ್ತಡ ತೋರಿಸುತ್ತದೆ, ಇನ್ನೊಂದು ಸಿಲಿಂಡರ್ ಕಡೆಯದು. ಸಿಲಿಂಡರ್ ಕಡೆಯ ಗೇಜ್ ನೋಡಿ ಎಷ್ಟು ಗ್ಯಾಸ್ ಉಳಿದಿದೆ ಅಂತ ಹೇಳಬಹುದು ಅಂದುಕೊಳ್ಳುತ್ತಾರೆ. ಆಗುವುದಿಲ್ಲ. ಒಳಗೆ ಒಂದು ಲೋಟ ದ್ರವ ಉಳಿದಿದ್ದರೂ ಮುಳ್ಳು ಅದೇ ಜಾಗದಲ್ಲಿ ನಿಂತಿರುತ್ತದೆ. ದ್ರವ ಮುಗಿದ ಮೇಲೆ ಸರ್ರನೆ ಇಳಿಯುತ್ತದೆ, ಅಷ್ಟರಲ್ಲಿ ಅಂಗಡಿ ಬಾಗಿಲು ಹಾಕಿರುತ್ತದೆ. ಉಳಿದದ್ದು ಎಷ್ಟು ಅಂತ ತಿಳಿಯಬೇಕಾದರೆ ತೂಕ ಹಾಕಿ. ಸಿಲಿಂಡರ್ ಹೆಗಲ ಮೇಲೆ 'ಟಿಡಬ್ಲ್ಯು' ಅಂತ ಕೊರೆದು ಪಕ್ಕದಲ್ಲಿ ಖಾಲಿ ತೂಕ ಬರೆದಿರುತ್ತಾರೆ. ಅದನ್ನು ಕಳೆದರೆ ಗ್ಯಾಸ್ ಎಷ್ಟು ಅಂತ ಸಿಕ್ಕಿತು. ಹಾಗಂತ ಎರಡನೇ ಗೇಜ್ ದಂಡ ಅಲ್ಲ. ಸೋರಿಕೆ ಹಿಡಿಯಲು ಅದೇ ಬೇಕು, ಮುಂದೆ ಹೇಳುತ್ತೇನೆ.

ಎರಡನೆಯದು ಎರಡು ಒತ್ತಡ ಕೊಡುವುದು. ಒಂದೇ ಸಿಲಿಂಡರ್‌ಗೆ ಎರಡು ರೆಗ್ಯುಲೇಟರ್ ಅಕ್ಕಪಕ್ಕ ಕೂತಿರುತ್ತವೆ, ಎರಡು ತಿರುಪು. ಒಂದು ಕೆಗ್‌ನಲ್ಲಿ ಗೋಧಿ ಬಿಯರ್, ಇನ್ನೊಂದರಲ್ಲಿ ಸ್ಟೌಟ್ ಅನ್ನುವ ಕಪ್ಪು ಬಿಯರ್ ಇಡುವವರಿಗೆ ಇದು ಬೇಕು. ಗೋಧಿ ಬಿಯರ್‌ಗೆ ಗ್ಯಾಸ್ ಜಾಸ್ತಿ, ಸ್ಟೌಟ್‌ಗೆ ಕಡಿಮೆ. ಮಕ್ಕಳಿಗೆ ಸೋಡಾ ಮಾಡುವ ಕೆಗ್ ಇದ್ದರೂ ಇದೇ ಒಳ್ಳೆಯದು, ಸೋಡಾಗೆ 30 ಪಿಎಸ್‌ಐ ಹತ್ತಿರ ಬೇಕಾಗುತ್ತದೆ. ಎರಡೂ ಕೆಗ್‌ನಲ್ಲಿ ಒಂದೇ ಥರದ ಬಿಯರ್ ಆದರೆ ಬೇಡ. ಒಂದು ರೆಗ್ಯುಲೇಟರ್ ಕೊಂಡು, ಪೈಪನ್ನು ಎರಡಾಗಿ ಕವಲೊಡೆಸುವ ಮ್ಯಾನಿಫೋಲ್ಡ್ ಹಾಕಿದರೆ ಸಾಕು.

ಮೂರನೆಯದು ಎರಡು ಹಂತದ್ದು. 840ನ್ನು ಒಮ್ಮೆ ಸ್ವಲ್ಪ ಇಳಿಸಿ, ಮತ್ತೆ ಇಳಿಸಿ ಕೊಡುತ್ತದೆ. ಬೆಲೆ ಜಾಸ್ತಿ, ನೋಡಲು ಗತ್ತು. ಒಂದೇ ಹಂತದ ರೆಗ್ಯುಲೇಟರ್‌ನಲ್ಲಿ ಸಿಲಿಂಡರ್ ಒತ್ತಡ ಇಳಿಯುತ್ತಾ ಹೋದ ಹಾಗೆ ಹೊರಗಿನ ಒತ್ತಡ ಸ್ವಲ್ಪ ಏರುತ್ತದೆ. ಆ ಏರಿಳಿತ ತಡೆಯುವುದು ಎರಡು ಹಂತದ್ದರ ಹೆಚ್ಚುಗಾರಿಕೆ. ಆದರೆ ಸಿಒಟು ಸಿಲಿಂಡರ್‌ನಲ್ಲಿ ದ್ರವ ಇರುವ ತನಕ ಒತ್ತಡ ಇಳಿಯುವುದೇ ಇಲ್ಲವಲ್ಲ. ಹಾಗಾಗಿ ಮನೆ ಬಿಯರ್‌ಗೆ ಒಂದೇ ಹಂತದ್ದು ಧಾರಾಳ ಸಾಕು. ಆ ದುಡ್ಡಲ್ಲಿ ಇನ್ನೊಂದು ಕೆಗ್ ತಗೊಳ್ಳಿ.

ಹಾಗಾದರೆ ಏನು ನೋಡಿ ಕೊಳ್ಳಬೇಕು? ಒಂದು ಸೇಫ್ಟಿ ವಾಲ್ವ್ ಇರಲೇಬೇಕು. ಒತ್ತಡ ಮಿತಿಮೀರಿದರೆ ಅದು ತಾನೇ ಬಿಡುತ್ತದೆ, ಉಂಗುರ ಎಳೆದರೆ ನಾವೂ ಬಿಡಬಹುದು. ಹೊರಬಾಯಿಯಲ್ಲಿ ಬಂದ್ ಮಾಡುವ ಸಣ್ಣ ನಲ್ಲಿ ಇರಲಿ, ಅದರೊಳಗೆ ಚೆಕ್ ವಾಲ್ವ್, ಅಂದರೆ ಒಂದೇ ದಿಕ್ಕಿಗೆ ಹೋಗಲು ಬಿಡುವ ವಾಲ್ವ್, ಕೂಡ ಇರಲಿ. ಚೆಕ್ ವಾಲ್ವ್ ಇಲ್ಲದಿದ್ದರೆ, ಕೆಗ್ ಒತ್ತಡ ಹೆಚ್ಚಿದಾಗ ಬಿಯರ್ ಪೈಪ್ ಹತ್ತಿ ರೆಗ್ಯುಲೇಟರ್ ಒಳಗೆ ನುಗ್ಗುತ್ತದೆ. ಆಮೇಲೆ ಅದು ಅಂಟಂಟು, ಕೆಲಸಕ್ಕೆ ಬಾರದು. ಕೆಗ್ ಕಡೆಯ ಗೇಜ್ 0ರಿಂದ 60 ತೋರಿಸುವುದಾಗಿರಲಿ. ಗೀರುಗಳು ದೂರ ದೂರ ಇದ್ದರೆ 10ಕ್ಕೂ 12ಕ್ಕೂ ವ್ಯತ್ಯಾಸ ಕಾಣುತ್ತದೆ. ಗೇಜ್‌ಗೆ ರಬ್ಬರ್ ಅಥವಾ ಲೋಹದ ಕವಚ ಇದ್ದರೆ ಇನ್ನೂ ಒಳ್ಳೆಯದು, ಸಿಲಿಂಡರ್ ಬಿದ್ದಾಗ ಮೊದಲು ಒಡೆಯುವುದು ಗೇಜೇ.

ಸಿಲಿಂಡರ್‌ಗೆ ಸೇರುವ ಬಾಯಿ ದೇಶಕ್ಕೊಂದು ಥರ. ಅಮೆರಿಕ, ಕೆನಡಾದಲ್ಲಿ ಸಿಒಟುಗೆ ಸಿಜಿಎ 320 ಅನ್ನುವ ಅಳತೆಯ ಬಾಯಿ. ಜರ್ಮನಿ ಕಡೆ ಡಬ್ಲ್ಯು 21.8. ಬ್ರಿಟನ್‌ನಲ್ಲಿ ಬಿಎಸ್ 341ರ 8ನೇ ನಂಬರ್. ಆಸ್ಟ್ರೇಲಿಯಾದಲ್ಲಿ ಟೈಪ್ 30. ಇಲ್ಲಿ ಡಿಸ್ಕೌಂಟಿನಲ್ಲಿ ಕೊಂಡು ಬೆಂಗಳೂರಿಗೋ ಮ್ಯೂನಿಕ್‌ಗೋ ಒಯ್ಯುವ ಯೋಚನೆ ಇದ್ದರೆ, ಅಲ್ಲಿ ಸಿಗುವ ಸಿಲಿಂಡರ್‌ನ ವಾಲ್ವ್ ಯಾವುದು ಅಂತ ಮೊದಲು ಕೇಳಿ. ಇನ್ನೊಂದು ಮಾತು. ಸ್ಟೌಟ್‌ಗೆ ನೈಟ್ರೋಜನ್ ಬೆರೆತ ಬಿಯರ್ ಗ್ಯಾಸ್ ಬಳಸುವವರಿದ್ದಾರೆ. ಆ ಸಿಲಿಂಡರ್‌ಗೆ ಸಿಜಿಎ 580 ಬಾಯಿ, ಒತ್ತಡ 2000 ಪಿಎಸ್‌ಐ ಮುಟ್ಟಬಹುದು. ಬಾಯಿಗಳನ್ನು ಬೇರೆ ಮಾಡಿರುವುದೇ ತಪ್ಪು ರೆಗ್ಯುಲೇಟರ್ ಕೂರಬಾರದು ಅಂತ. ಅಡಾಪ್ಟರ್ ಹಾಕಿ ಮೋಸ ಮಾಡಬೇಡಿ.

ಪೈಪ್ ಬಗ್ಗೆ ಜಾಸ್ತಿ ಹೇಳುವುದಿಲ್ಲ. ಮುಳ್ಳುಮೂತಿಯ ಬಾರ್ಬ್‌ಗೆ ಪೈಪ್ ತುರುಕಿ ಕ್ಲ್ಯಾಂಪ್ ಹಾಕುವುದು ಹಳೆಯ ಪದ್ಧತಿ. ಪೈಪ್ ತುದಿಯನ್ನು ಬಿಸಿನೀರಲ್ಲಿ ಅದ್ದಿದರೆ ಸುಲಭವಾಗಿ ಹೋಗುತ್ತದೆ. ಈಚೆಗೆ ಡ್ಯುಯೋಟೈಟ್ ಥರದ ಒತ್ತಿ ಕೂರಿಸುವ ಜೋಡಣೆ ಬಂದಿದೆ, 8 ಮಿಲಿಮೀಟರ್ ಪೈಪನ್ನು ನೇರವಾಗಿ ಕತ್ತರಿಸಿ ಒಳಗೆ ತಳ್ಳಿದರೆ ಮುಗಿಯಿತು. ನನಗೆ ಅದೇ ಇಷ್ಟ.

ಈಗ ಕೂರಿಸುವ ಕೆಲಸ. ಸಿಲಿಂಡರ್ ನೆಟ್ಟಗೆ ನಿಲ್ಲಿಸಿ, ಬೀಳದ ಹಾಗೆ ಚೈನ್ ಅಥವಾ ಬೆಲ್ಟ್ ಕಟ್ಟಿ. ಮಲಗಿಸಿ ಬಳಸಬಾರದು, ದ್ರವವೇ ರೆಗ್ಯುಲೇಟರ್ ಒಳಗೆ ಬರುತ್ತದೆ. ವಾಲ್ವ್‌ನ ಬಾಯಿ ಯಾರ ಕಡೆಗೂ ಇಲ್ಲದಂತೆ ತಿರುಗಿಸಿ, ಒಂದು ಕ್ಷಣ ಮಾತ್ರ ತೆರೆದು ಮುಚ್ಚಿ. ಬಾಯಲ್ಲಿದ್ದ ಧೂಳು ಹಾರಿಹೋಗುತ್ತದೆ. ಆ ಧೂಳು ಒಳಗೆ ಹೋಗಿ ಸೀಟಿನಲ್ಲಿ, ಅಂದರೆ ಗ್ಯಾಸ್ ದಾರಿ ಮುಚ್ಚಿಕೊಳ್ಳುವ ಜಾಗದಲ್ಲಿ, ಕೂತರೆ, ನೀವು 12ಕ್ಕೆ ಇಟ್ಟದ್ದು ಬೆಳಗ್ಗೆ 20 ಆಗಿರುತ್ತದೆ.

ರೆಗ್ಯುಲೇಟರ್‌ಗೂ ವಾಲ್ವ್‌ಗೂ ನಡುವೆ ಒಂದು ಚಪ್ಪಟೆ ವಾಷರ್ ಬರುತ್ತದೆ. ಸೋರಿಕೆ ತಡೆಯುವುದು ಈ ವಾಷರ್, ಥ್ರೆಡ್ ಅಲ್ಲ. ಆದ್ದರಿಂದ ಇಲ್ಲಿ ಟೆಫ್ಲಾನ್ ಟೇಪ್ ಸುತ್ತಬೇಡಿ. ಪ್ಲಂಬಿಂಗ್ ಗೊತ್ತಿರುವವರಿಗೆ ಕೈ ತಡೆಯುವುದಿಲ್ಲ, ಸುಮ್ನೆ ಎರಡು ಸುತ್ತು ಹಾಕಿಬಿಡುತ್ತಾರೆ. ಟೇಪ್ ಬೇಕಾಗುವುದು ಗೇಜ್ ಕೂರುವ ಕಡೆಯಂಥ ಇಳಿಜಾರು ಥ್ರೆಡ್‌ಗೆ ಮಾತ್ರ. ಫೈಬರ್ ವಾಷರ್ ಆದರೆ ಪ್ರತಿ ಸಲ ಹೊಸದು ಹಾಕಿ. ಕೆಲವು ರೆಗ್ಯುಲೇಟರ್‌ಗಳ ಬಾಯಲ್ಲೇ ರಬ್ಬರ್ ಒ-ರಿಂಗ್ ಇರುತ್ತದೆ, ಅದಕ್ಕೆ ಬೇರೆ ವಾಷರ್ ಹಾಕಬಾರದು. ಎರಡೂ ಹಾಕಿದರೆ ಎರಡರಲ್ಲೂ ಸೋರುತ್ತದೆ.

ನಟ್ಟನ್ನು ಮೊದಲು ಕೈಯಲ್ಲೇ ತಿರುಗಿಸಿ, ಥ್ರೆಡ್ ಹಿಡಿಯಲಿ. ಇದು ಮಾಮೂಲಿ ಬಲಗೈ ಥ್ರೆಡ್. ಆಮೇಲೆ ಸ್ಪ್ಯಾನರ್. ಸಿಜಿಎ 320 ನಟ್‌ಗೆ ಒಂದೂ ಎಂಟನೇ ಒಂದು ಇಂಚಿನ ಸ್ಪ್ಯಾನರ್ ಸರಿಯಾಗಿ ಕೂರುತ್ತದೆ. ರೆಗ್ಯುಲೇಟರ್ ನೆಟ್ಟಗೆ ಇರುವಂತೆ ಒಂದು ಕೈಯಲ್ಲಿ ಹಿಡಿದು ಬಿಗಿ ಮಾಡಿ. ಗೇಜ್ ಹಿಡಿದು ತಿರುಗಿಸಬೇಡಿ. ಗೇಜ್ ಬದಲಾಯಿಸುವ ಪ್ರಸಂಗ ಬಂದರೆ ಒಂದು ವಿಷಯ ನೆನಪಿರಲಿ: ಕೆಲವು ರೆಗ್ಯುಲೇಟರ್‌ಗಳಲ್ಲಿ ಸಿಲಿಂಡರ್ ಕಡೆಯ ಗೇಜ್‌ಗೆ ಎಡಗೈ ಥ್ರೆಡ್. ಬಿಚ್ಚುತ್ತಿದ್ದೇನೆ ಅಂದುಕೊಂಡು ಬಿಗಿ ಮಾಡುತ್ತಾ ಹೋದರೆ ಕಿತ್ತೇ ಬರುತ್ತದೆ.

ಗ್ಯಾಸ್ ಬಿಡುವ ಮೊದಲು ತಿರುಪನ್ನು ಎಡಕ್ಕೆ ಪೂರ್ತಿ ಸಡಿಲ ಮಾಡಿ. ಹೊರಬಾಯಿಯ ನಲ್ಲಿ ಮುಚ್ಚಿ. ಗೇಜ್ ಎದುರು ನಿಲ್ಲದೆ ಪಕ್ಕಕ್ಕೆ ಸರಿದು ಸಿಲಿಂಡರ್ ವಾಲ್ವನ್ನು ನಿಧಾನವಾಗಿ ತೆರೆಯಿರಿ. ಮುಳ್ಳು ಏರಿ ನಿಂತ ಮೇಲೆ ವಾಲ್ವನ್ನು ಕೊನೆಯ ತನಕ ತೆರೆಯಿರಿ. ಅರ್ಧಕ್ಕೆ ಬಿಟ್ಟರೆ ವಾಲ್ವ್ ಕಾಂಡದ ಹತ್ತಿರ ಸೋರಬಹುದು.

ಈಗ ಸೋರಿಕೆ. ಪಾತ್ರೆ ತೊಳೆಯುವ ಸೋಪಿನ ನೀರನ್ನು ಪ್ರತಿ ಜೋಡಣೆಗೂ ಹಚ್ಚಿ ಗುಳ್ಳೆ ನೋಡಿ. ತುಮಕೂರಿನಿಂದ ಬಂದಿದ್ದ ನಮ್ಮಮ್ಮ ನಾನು ಬೇಸ್‌ಮೆಂಟಿನಲ್ಲಿ ಇದನ್ನು ಮಾಡುವುದು ನೋಡಿ, "ಇದನ್ನ ಕಲಿಯೋಕೆ ಅಮೆರಿಕಕ್ಕೆ ಬರಬೇಕಿತ್ತೇನೋ?" ಅಂದರು. ಸೋಪು ದೊಡ್ಡ ಸೋರಿಕೆ ಹಿಡಿಯುತ್ತದೆ. ರಾತ್ರಿಯೆಲ್ಲ ಸೂಸುವ ಸಣ್ಣದಕ್ಕೆ ಆ ಎರಡನೇ ಗೇಜ್ ಬೇಕು. ಹೊರನಲ್ಲಿ ಮುಚ್ಚಿಯೇ ಇರಲಿ, ಸಿಲಿಂಡರ್ ವಾಲ್ವ್ ಮುಚ್ಚಿ, ಸಿಲಿಂಡರ್ ಗೇಜ್‌ನ ಮುಳ್ಳು ಎಲ್ಲಿದೆ ಅಂತ ಫೋಟೋ ತೆಗೆದಿಡಿ. ಅರ್ಧ ಗಂಟೆಯಲ್ಲಿ ಇಳಿದರೆ ತಪ್ಪು ವಾಷರ್ ಅಥವಾ ರೆಗ್ಯುಲೇಟರ್‌ದೇ. ಇಳಿಯಲಿಲ್ಲವೇ? ಪೈಪ್ ಸೇರಿಸಿ, ತಿರುಪನ್ನು ಬಲಕ್ಕೆ ತಿರುಗಿಸಿ ಸ್ವಲ್ಪ ಒತ್ತಡ ಕೊಟ್ಟು, ನಲ್ಲಿ ತೆರೆದು ಮತ್ತೆ ನೋಡಿ. ಕೊನೆಗೆ ಖಾಲಿ ಕೆಗ್ ಸೇರಿಸಿ, ಬೆಳಗಿನ ತನಕ ಬಿಡಿ. ಒಂದೊಂದು ಸಲವೂ ವಾಲ್ವ್ ತೆರೆದು ತುಂಬಿಸಿ, ಮತ್ತೆ ಮುಚ್ಚಬೇಕು. ಖಾಲಿ ಕೆಗ್ ಯಾಕೆಂದರೆ, ಹೊಸ ಬಿಯರ್ ಇದ್ದರೆ ಅದೇ ಗ್ಯಾಸ್ ಹೀರುತ್ತದೆ. ಮುಳ್ಳು ಇಳಿಯುತ್ತದೆ, ನೀವು ಇಲ್ಲದ ಸೋರಿಕೆ ಹುಡುಕುತ್ತಾ ಕೂರುತ್ತೀರಿ.

ಮನೆ ಬಿಯರ್‌ನವರು ಬಳಸುವ ಕಾರ್ನಿ ಕೆಗ್‌ನಲ್ಲಿ ಗ್ಯಾಸ್ ಹೋಗುವ ಕಡೆ 'ಇನ್' ಅಂತ ಇರುತ್ತದೆ. ಬಾಲ್ ಲಾಕ್ ಥರದ ಜೋಡಣೆ ಆದರೆ ಆ ಪೋಸ್ಟಿನ, ಅಂದರೆ ಕನೆಕ್ಟರ್ ಕೂರುವ ಮೂತಿಯ, ಮೂಲೆಗಳಲ್ಲಿ ಸಣ್ಣ ಕಚ್ಚುಗಳಿರುತ್ತವೆ. ಬೂದು ಬಣ್ಣದ ಕನೆಕ್ಟರ್ ಅಲ್ಲಿಗೆ, ಕಪ್ಪು ಬಿಯರ್ ಕಡೆಗೆ. ಮುಚ್ಚಳದ ದೊಡ್ಡ ಒ-ರಿಂಗ್‌ಗೆ ಆಹಾರಕ್ಕೆ ಬಳಸಬಹುದಾದ ಗ್ರೀಸ್ ಸವರಿ, ಒಮ್ಮೆ 30 ಪಿಎಸ್‌ಐ ಕೊಡಿ. ಮುಚ್ಚಳ ಗಟ್ಟಿಯಾಗಿ ಕೂರುತ್ತದೆ.

ಆಮೇಲೆ ಒತ್ತಡ ಇಳಿಸಬೇಕಲ್ಲ, ಅಲ್ಲೊಂದು ಗೊಂದಲ ಇದೆ. ತಿರುಪನ್ನು ಎಡಕ್ಕೆ ತಿರುಗಿಸಿದರೂ ಗೇಜ್ ಇಳಿಯುವುದಿಲ್ಲ. ರೆಗ್ಯುಲೇಟರ್ ಕೆಟ್ಟಿಲ್ಲ, ಒಳಗೆ ಸಿಕ್ಕಿಕೊಂಡ ಗ್ಯಾಸ್‌ಗೆ ಹೋಗಲು ದಾರಿ ಇಲ್ಲ ಅಷ್ಟೆ. ತಿರುಪು ಸಡಿಲಿಸಿ, ಸೇಫ್ಟಿ ವಾಲ್ವ್‌ನ ಉಂಗುರ ಎಳೆಯಿರಿ. ಕೆಗ್‌ನ ಮುಚ್ಚಳದ ವಾಲ್ವನ್ನೂ ಎಳೆಯಿರಿ, ಯಾಕೆಂದರೆ ನಡುವೆ ಚೆಕ್ ವಾಲ್ವ್ ಇದೆ. ಈಗ ಕೆಳಗಿನಿಂದ ಮೇಲಕ್ಕೆ ನಿಧಾನವಾಗಿ ಬೇಕಾದ ಅಂಕಿಗೆ ತನ್ನಿ.

ಆ ಅಂಕಿ ಎಷ್ಟು? ಸಾಮಾನ್ಯ ಏಲ್ ಥರದ ಬಿಯರ್‌ಗೆ, 3 ಡಿಗ್ರಿ ಸೆಲ್ಸಿಯಸ್ ಫ್ರಿಜ್ಜಿನಲ್ಲಿ 12 ಪಿಎಸ್‌ಐ. ವಾರ, ಹತ್ತು ದಿನ ಬಿಟ್ಟರೆ ಲೀಟರ್ ಬಿಯರ್‌ನಲ್ಲಿ ಸುಮಾರು ಎರಡೂವರೆ ಲೀಟರ್ ಗ್ಯಾಸ್ ಕರಗಿರುತ್ತದೆ. ಆದರೆ ಎಷ್ಟು ಡಿಗ್ರಿಗೆ ಎಷ್ಟು ಒತ್ತಡ ಅಂತ ಹೇಳುವ ಪಟ್ಟಿಗಳೆಲ್ಲ ಸಮುದ್ರಮಟ್ಟಕ್ಕೆ ಬರೆದವು. ಗೇಜ್ ತೋರಿಸುವುದು ಸುತ್ತಲ ಗಾಳಿಗಿಂತ ಎಷ್ಟು ಹೆಚ್ಚು ಅಂತ. ಎತ್ತರ ಹೋದಂತೆ ಗಾಳಿಯ ಒತ್ತಡವೇ ಕಡಿಮೆ. 2000 ಅಡಿಗೆ 1 ಪಿಎಸ್‌ಐ ಸೇರಿಸಬೇಕು. ಡೆನ್ವರ್ 5280 ಅಡಿ, ಹಾಗಾಗಿ ನಾನು ಪಟ್ಟಿಗಿಂತ ಎರಡೂವರೆ ಜಾಸ್ತಿ ಇಡುತ್ತೇನೆ. ಬೆಂಗಳೂರು 3000 ಅಡಿ, ಅಲ್ಲಿಗೆ ಒಂದೂವರೆ.

ಸಿಲಿಂಡರನ್ನು ಫ್ರಿಜ್ಜಿನ ಒಳಗೂ ಇಡಬಹುದು, ಹೊರಗೂ ಇಡಬಹುದು. ಒಳಗಿಟ್ಟರೆ ಸಿಲಿಂಡರ್ ಗೇಜ್ 840ರಿಂದ 540 ಹತ್ತಿರಕ್ಕೆ ಇಳಿಯುತ್ತದೆ, ತಣ್ಣಗಾದದ್ದಕ್ಕೆ ಅಷ್ಟೆ, ಗಾಬರಿ ಬೇಡ. ನಾನು ಹೊರಗಿಡುತ್ತೇನೆ, ಗೇಜ್ ಮೇಲೆ ನೀರು ಕಟ್ಟುವುದಿಲ್ಲ. ಪೈಪ್‌ಗೆ ತೂತು ಕೊರೆಯುವ ಮೊದಲು ಫ್ರಿಜ್ಜಿನದೇ ಪಕ್ಕದ ಗೋಡೆಯೊಳಗೆ ತಂಪು ಮಾಡುವ ಕೊಳವೆಗಳಿವೆಯೇ ಅಂತ ನೋಡಿ.

ಇದು ಉರಿಯುವ ಗ್ಯಾಸ್ ಅಲ್ಲ ಅಂತ ಉದಾಸೀನ ಬೇಡ. ವಾಸನೆ ಇಲ್ಲ, ಗಾಳಿಗಿಂತ ಭಾರ, ಬೇಸ್‌ಮೆಂಟಿನಲ್ಲಿ ಕೆಳಗೇ ಕೂರುತ್ತದೆ. 5 ಪೌಂಡ್ ಸಿಲಿಂಡರ್ ಪೂರ್ತಿ ಸೋರಿದರೆ 1.2 ಘನ ಮೀಟರ್‌ಗಿಂತ ಹೆಚ್ಚು ಗ್ಯಾಸ್. ಸಣ್ಣ ಮುಚ್ಚಿದ ಕೋಣೆಯಲ್ಲಿ ಅದು ಶೇಕಡ 5 ಮುಟ್ಟಬಹುದು. ಶೇಕಡ 4ಕ್ಕೇ ಜೀವಕ್ಕೆ ಅಪಾಯ ಅಂತ ಇಲ್ಲಿನ ಕೆಲಸದ ಜಾಗದ ಸುರಕ್ಷತಾ ನಿಯಮ ಹೇಳುತ್ತದೆ. ಸಿಒಟು ಅಲಾರಂ ತಗೊಂಡು ನೆಲಕ್ಕೆ ಹತ್ತಿರ ಹಾಕಿ. ಮನೆಯಲ್ಲಿರುವ ಕಾರ್ಬನ್ ಮೊನಾಕ್ಸೈಡ್ ಅಲಾರಂ ಇದನ್ನು ಗುರುತಿಸುವುದಿಲ್ಲ.

ಸಿಲಿಂಡರ್ ತುಂಬಿಸಲು ಒಯ್ಯುವಾಗ ಮೊದಲು ವಾಲ್ವ್ ಮುಚ್ಚಿ, ಉಂಗುರ ಎಳೆದು ಎರಡೂ ಗೇಜ್ ಸೊನ್ನೆಗೆ ಬಂದ ಮೇಲೆ ನಟ್ ಬಿಚ್ಚಿ. ಕಾರಿನಲ್ಲಿ ನೆಟ್ಟಗೆ ಕಟ್ಟಿ, ಕಿಟಕಿ ಸ್ವಲ್ಪ ಇಳಿಸಿ. ಬೇಸಿಗೆಯಲ್ಲಿ ತುಂಬಿದ ಸಿಲಿಂಡರನ್ನು ಕಾರಲ್ಲೇ ಬಿಟ್ಟು ಬೇರೆ ಕೆಲಸಕ್ಕೆ ಹೋಗಬೇಡಿ, ನೇರ ಮನೆಗೆ ತನ್ನಿ. ಅಂಗಡಿಯವರು ಹೆಗಲ ಮೇಲಿನ ತಾರೀಖು ನೋಡುತ್ತಾರೆ. ಒತ್ತಡ ಪರೀಕ್ಷೆ ಆಗಿ 5 ವರ್ಷ ದಾಟಿದ್ದರೆ ತುಂಬಿಸುವುದಿಲ್ಲ, ಮತ್ತೆ ಪರೀಕ್ಷೆ ಮಾಡಿಸಬೇಕು. ಹಳೆಯ ಸಿಲಿಂಡರ್ ಕೊಳ್ಳುವಾಗಲೂ ಮೊದಲು ಆ ತಾರೀಖು ನೋಡಿ, ಆಮೇಲೆ ಬೆಲೆ ಮಾತಾಡಿ.