ಅಕ್ಕಡಿ ಸಾಲಿನ ಲೆಕ್ಕಾಚಾರ

ನಮ್ಮದು ತುಮಕೂರು ಕಡೆಯ ಎರಡು ಎಕರೆ ಕೆಂಪು ಮಣ್ಣಿನ ಹೊಲ. ಬೋರ್‌ವೆಲ್ ಇಲ್ಲ, ಮಳೆಯೇ ದಿಕ್ಕು. ಇಷ್ಟು ಜಾಗದಲ್ಲಿ ಬರೀ ರಾಗಿ ಬೆಳೆದು ಮಂಡಿಗೆ ಹಾಕಿದರೆ ಗೊಬ್ಬರದಂಗಡಿ ಸಾಲ ತೀರುತ್ತದೆ, ಅಷ್ಟೇ. ಅದಕ್ಕೇ ಅಪ್ಪನ ಕಾಲದ ಅಕ್ಕಡಿಗೆ, ಅಂದರೆ ಮುಖ್ಯ ಬೆಳೆಯ ನಡುನಡುವೆ ಬೇರೆ ಬೆಳೆಯ ಸಾಲು ಹಾಕುವ ಪದ್ಧತಿಗೆ, ವಾಪಸ್ ಬಂದೆ.

ಜುಲೈನಲ್ಲಿ ಪುನರ್ವಸು ಮಳೆ ಹದ ಕೊಟ್ಟರೆ ಬಿತ್ತನೆಗೆ ಕೂರಿಗೆ ಹೂಡುತ್ತೇವೆ. ಎಂಟು ಸಾಲು ರಾಗಿ, ಎರಡು ಸಾಲು ತೊಗರಿ. ಬೆಂಗಳೂರು ಕೃಷಿ ವಿಶ್ವವಿದ್ಯಾಲಯದ ಶಿಫಾರಸೂ ಇದೇ. ನಾನು ಅಲ್ಲಿಗೇ ನಿಲ್ಲಿಸುವುದಿಲ್ಲ. ಕೆಲವು ಅಕ್ಕಡಿ ಸಾಲಿಗೆ ತೊಗರಿಯ ಬದಲು ಅವರೆ, ಹುಚ್ಚೆಳ್ಳು, ಸಾಸಿವೆ. ಬದುವಿನ ಮೇಲೆ ಹರಳು ಗಿಡ. ತೊಗರಿ, ಅವರೆಯ ಬೇರುಗಂಟು ಗಾಳಿಯ ಸಾರಜನಕವನ್ನು ಮಣ್ಣಿಗೆ ಕಟ್ಟುತ್ತದೆ. ಯೂರಿಯಾ ಕಮ್ಮಿ ಮಾಡುವ ಧೈರ್ಯ ಬಂದದ್ದು ಅದರಿಂದಲೇ. ರಾಗಿ ಬೇರು ಮೇಲಷ್ಟೇ, ತೊಗರಿಯದ್ದು ಆಳಕ್ಕೆ. ಮಳೆ ಕೈಕೊಟ್ಟು ರಾಗಿ ಜೊಳ್ಳಾದ ವರ್ಷವೂ ತೊಗರಿ ಒಂದಷ್ಟು ಸಿಗುತ್ತದೆ.

ಇಂಥ ಹೊಲಕ್ಕೆ ಕಟಾವಿನ ಮಿಷನ್ ಇಳಿಯುವುದಿಲ್ಲ. ಅದಕ್ಕೆ ಒಂದೇ ಬೆಳೆ ಬೇಕು, ಒಟ್ಟಿಗೇ ಮಾಗಬೇಕು. ನಮ್ಮಲ್ಲಿ ಒಂದೊಂದು ಒಂದೊಂದು ಸಲ. ರಾಗಿ, ಹುಚ್ಚೆಳ್ಳು ಮೊದಲು, ಡಿಸೆಂಬರ್ ಚಳಿಗೆ ಸೊಗಡಿನ ಅವರೆ, ಆಮೇಲೆ ತೊಗರಿ. ದೊಡ್ಡ ಕಂಪನಿಗಳಿಗೆ ಇದು ರಗಳೆ. ನನಗೆ ಇದರಿಂದಲೇ ತಿಂಗಳುಗಟ್ಟಲೆ ಕೈಯಲ್ಲಿ ಕಾಸು ಆಡುತ್ತದೆ.

ಮಾರುವುದನ್ನೂ ಬದಲಾಯಿಸಿದೆ. 2024-25ರಲ್ಲಿ ರಾಗಿ ಬೆಂಬಲ ಬೆಲೆ ಕ್ವಿಂಟಲ್‌ಗೆ 4290 ರೂಪಾಯಿ, ಅಂದರೆ ಕೆಜಿಗೆ 43ರ ಹತ್ತಿರ. ಅದು ಕೆಟ್ಟ ಬೆಲೆಯೇನಲ್ಲ. ಆದರೆ ನೋಂದಣಿ, ಸರದಿ, ಹಣ ಬರುವ ತನಕ ಕಾಯುವುದು ಎಲ್ಲ ಇದೆ ಅಲ್ವಾ? ನಾನೀಗ ಬೆಂಗಳೂರಿನ ಕೆಲವು ಮನೆಗಳಿಗೆ ನೇರ ಕೊಡುತ್ತೇನೆ. ಕಾಳು ಸಣ್ಣದಾದ್ದರಿಂದ ರಾಗಿಗೆ ಹುಳದ ಕಾಟ ಇಲ್ಲವೇ ಇಲ್ಲ ಅನ್ನಬಹುದು, ವರ್ಷಗಟ್ಟಲೆ ಇಡಬಹುದು. ಹಿಟ್ಟು ಹಾಗಲ್ಲ, ಕಮಟುತ್ತದೆ. ಹಾಗಾಗಿ ಆರ್ಡರ್ ಬಂದ ಮೇಲೇ ಮಿಲ್ಲಿಗೆ. ಹುಚ್ಚೆಳ್ಳು ಚಟ್ನಿಪುಡಿಯನ್ನು ಹೆಂಡತಿ ಮಾಡುತ್ತಾಳೆ. ನಿಜ ಹೇಳಬೇಕೆಂದರೆ ರಾಗಿಗಿಂತ ಮೊದಲು ಖಾಲಿಯಾಗುವುದು ಅದೇ.

ಕಷ್ಟ ಇರುವುದು ಆಳಿನದು. ಕಳೆ, ಕೊಯ್ಲು ಎಲ್ಲ ಕೈಕೆಲಸ, ಕೂಲಿ ಕೊಟ್ಟೇ ಮಾಡಿಸಿದರೆ ಲಾಭ ಅಲ್ಲೇ ಹೋಗುತ್ತದೆ. ಪಕ್ಕದ ಮೂರು ಮನೆಯವರೊಂದಿಗೆ ಮುಯ್ಯಾಳು ಮಾಡಿಕೊಂಡಿದ್ದೇವೆ. ಅವರ ಹೊಲಕ್ಕೆ ನಾವು, ನಮ್ಮದಕ್ಕೆ ಅವರು. ಅಂಥ ನೆರೆಹೊರೆ ಇಲ್ಲದವರು ಎರಡು ಎಕರೆಗೂ ಒಟ್ಟಿಗೇ ಅಕ್ಕಡಿ ಹಾಕಬೇಡಿ, ಅರ್ಧ ಎಕರೆಯಲ್ಲಿ ನೋಡಿ.